ಇದೆ, ಹೋಗಿದೆ, ಕಾಣೆಯಾಗಿದೆ: ಪುಸ್ತಕದ ಸ್ಥಿತಿಗತಿಯ ಒಂದು ಚರಿತ್ರೆ

ಸಂಘದ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ಇತಿಹಾಸದ ವಿಷಯವಾಗಿ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ವಿಜಯನಗರವನ್ನೋ ಹೊಯ್ಸಳರನ್ನೋ ಕುರಿತು ಬರೆದುಕೊಡುವುದು ನಮಗೆ ಸುಲಭವಾಗಿತ್ತು. ಅಂತಹ ಲೇಖನಗಳು ಪ್ರತಿ ಸಂಚಿಕೆಯಲ್ಲೂ ಬಂದಿವೆ, ಬರಲೂ ಬೇಕು. ಆದರೆ ಈ ವರ್ಷ ನಮ್ಮ ತಲೆ ತಿಂದ ವಿಷಯವೇ ಬೇರೆ. ಅದು ನಮ್ಮ ಸಂಘದ ಪುಸ್ತಕದ ಕಪಾಟು.

ಹಳೆಯ ಸದಸ್ಯರೆಲ್ಲರಿಗೂ ಈ ಕಪಾಟಿನ ಪರಿಚಯವಿದೆ. ಊರಿಗೆ ಹೋದವರು ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳ ನಡುವೆ ತೂರಿಸಿಕೊಂಡು ತಂದ ಪುಸ್ತಕಗಳು. ಕ್ವಾಲಾಲಂಪುರ ಬಿಟ್ಟು ಹೊರಟವರು ಒಲ್ಲದ ಮನಸ್ಸಿನಿಂದ ಕೊಟ್ಟುಹೋದ ಪುಸ್ತಕಗಳು. ಎಲ್ಲ ಸೇರಿ ನಾಲ್ಕು ನೂರರ ಆಸುಪಾಸು. ಸಂಘಕ್ಕೆ ಸ್ವಂತ ಕಟ್ಟಡ ಇಲ್ಲದ ಕಾರಣ ಕಪಾಟು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಪಲ್ಲಕ್ಕಿಯಂತೆ ಸಂಚರಿಸಿದೆ. ಅದರ ಜೊತೆಗೆ ಒಂದು ನೋಟ್‌ಬುಕ್ಕು. ನಾಲ್ಕೇ ಅಂಕಣ: ದಿನಾಂಕ, ಹೆಸರು, ಪುಸ್ತಕ, ಹಿಂದಿರುಗಿಸಿದ ದಿನ. ನಾಲ್ಕನೆಯ ಅಂಕಣ ಬಹುಪಾಲು ಖಾಲಿ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿಲ್ಲ.

ಈ ನೋಟ್‌ಬುಕ್ಕನ್ನು ಬಿಟ್ಟು ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸೋಣವೆಂದು ಭಂಡಾರದ ಹೊಣೆ ಹೊತ್ತ ನಾವು ನಾಲ್ಕೈದು ಮಂದಿ ಹೊರಟೆವು. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಹುಡುಗನೊಬ್ಬ 'ಕೋಹಾ' ಎಂಬ ಉಚಿತ ತಂತ್ರಾಂಶವನ್ನು ಅಳವಡಿಸಿಕೊಟ್ಟ. ಪುಸ್ತಕದ ಹೆಸರು, ಲೇಖಕರ ಹೆಸರು ತುಂಬುವವರೆಗೆ ಎಲ್ಲವೂ ಸುಗಮ. ಆಮೇಲೆ ಅದು ಪ್ರತಿಯೊಂದು ಪ್ರತಿಗೂ ಒಂದು ಪ್ರಶ್ನೆ ಕೇಳತೊಡಗಿತು: ಇದರ ಸ್ಥಿತಿ ಏನು? ಆ ಒಂದು ಪ್ರಶ್ನೆಗೆ ಉತ್ತರ ಕೊಡಲು ನಮಗೆ ಮೂರು ಭಾನುವಾರಗಳು, ಎರಡು ಜಗಳಗಳು ಮತ್ತು ಲೆಕ್ಕವಿಲ್ಲದಷ್ಟು ಕಾಫಿ ಬೇಕಾಯಿತು. ಹಾಗೆ ನೋಡಿದರೆ ಈ ಪ್ರಶ್ನೆ ಕಂಪ್ಯೂಟರಿನದಲ್ಲ, ಬಹಳ ಹಳೆಯದು ಎಂಬುದು ಆಗ ನಮಗೆ ಹೊಳೆಯಿತು.

ತಾಳೆಗರಿಯ ಕಾಲಕ್ಕೇ ಹೋಗೋಣ. ಪ್ರತಿ ಮಾಡಿ ಮುಗಿಸಿದ ಲಿಪಿಕಾರರು ಗ್ರಂಥದ ಕೊನೆಯಲ್ಲಿ ಒಂದು ಬಿನ್ನಹ ಬರೆಯುವ ವಾಡಿಕೆ ನಮ್ಮ ನಾಡಿನಲ್ಲಿತ್ತು. ಎಣ್ಣೆಯಿಂದ ಕಾಪಾಡಿ, ನೀರಿನಿಂದ ಕಾಪಾಡಿ, ಸಡಿಲ ಕಟ್ಟಿನಿಂದ ಕಾಪಾಡಿ, ಮೂರ್ಖನ ಕೈಗೆ ಕೊಡಬೇಡಿ ಎಂಬುದು ಅದರ ತಾತ್ಪರ್ಯ. ಬೆನ್ನು ಬಾಗಿ, ಕತ್ತು ನೊಂದು ಬರೆದವನ ಸಂಕಟದ ಮಾತು ಅದು. ಕೊಂಚ ಯೋಚಿಸಿದರೆ ಇಂದಿನ ತಂತ್ರಾಂಶ ಕೇಳುವುದೂ ಅದನ್ನೇ: ಹಾಳಾಗಿದೆಯೇ, ಕಟ್ಟು ಬಿಚ್ಚಿದೆಯೇ, ಯಾರ ಕೈಗೆ ಹೋಗಿದೆ?

'ಎರವಲು ಇಲ್ಲ' ಎಂಬ ಸ್ಥಿತಿಗೆ ನಮ್ಮಲ್ಲಿ ಮೂಡುಬಿದಿರೆಯನ್ನು ಮೀರಿಸಿದ ಉದಾಹರಣೆ ಸಿಗಲಾರದು. ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ರಚಿಸಿದ 'ಧವಲಾ' ಟೀಕೆಯ ತಾಳೆಗರಿ ಪ್ರತಿಗಳು ಅಲ್ಲಿಯ ಬಸದಿಯಲ್ಲಿ ಶತಮಾನಗಳ ಕಾಲ ಭದ್ರವಾಗಿದ್ದವು. ಭಾಷೆ ಪ್ರಾಕೃತ, ಲಿಪಿ ಮಾತ್ರ ಹಳಗನ್ನಡದ್ದು. ದೂರದೂರದಿಂದ ಬಂದ ಯಾತ್ರಿಕರು ಅವುಗಳ ದರ್ಶನ ಪಡೆದು ಕೈಮುಗಿದು ಹೋಗುತ್ತಿದ್ದರೇ ಹೊರತು ಓದುವಂತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸಕ್ಕೆ ಅಪ್ಪಣೆ ದೊರೆಯಿತು; ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಮುದ್ರಣವಾಗಿ ಹೊರಬಂದದ್ದು 1939ರಲ್ಲಿ. ಹಾಗೆ ಕಟ್ಟಿ ಇಟ್ಟದ್ದರಿಂದಲೇ ಅವು ಉಳಿದವು ಎನ್ನುವವರಿದ್ದಾರೆ. ಅಷ್ಟು ವರ್ಷ ಓದುಗರಿಗೆ ಇಲ್ಲವಾದವು ಎನ್ನುವವರೂ ಇದ್ದಾರೆ. ಎರಡೂ ನಿಜವೆಂದೇ ನಮಗೆ ತೋರುತ್ತದೆ.

ಇದಕ್ಕೆ ತೀರ ವಿರುದ್ಧವಾದವಳು ಅತ್ತಿಮಬ್ಬೆ. ಹತ್ತನೆಯ ಶತಮಾನದ ಈ ದಾನಚಿಂತಾಮಣಿ ಪೊನ್ನನ 'ಶಾಂತಿಪುರಾಣ'ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದನ್ನು ನಮ್ಮ ಮಕ್ಕಳೂ ಕನ್ನಡ ತರಗತಿಯಲ್ಲಿ ಕಲಿತಿದ್ದಾರೆ. ಮುದ್ರಣ ಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಲಿಪಿಕಾರರು, ಎಷ್ಟು ತಾಳೆಮರ! ಅವಳ ಪಟ್ಟಿಯಲ್ಲಿ 'ಹಿಂದಿರುಗಿಸಿದ ದಿನ' ಎಂಬ ಅಂಕಣವೇ ಇರಲಿಲ್ಲ.

ಇನ್ನು ಟಿಪ್ಪುವಿನ ಗ್ರಂಥಭಂಡಾರ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯ ಸುಮಾರು 2,000 ಸಂಪುಟಗಳು, ಬಹುಪಾಲು ಅರಬ್ಬಿ ಮತ್ತು ಪಾರಸಿ ಹಸ್ತಪ್ರತಿಗಳು, ಈಸ್ಟ್ ಇಂಡಿಯಾ ಕಂಪನಿಯ ಕೈ ಸೇರಿದವು. ಚಾರ್ಲ್ಸ್ ಸ್ಟುವರ್ಟ್ ಎಂಬ ವಿದ್ವಾಂಸ ಅವುಗಳ ವಿವರಣಾತ್ಮಕ ಪಟ್ಟಿಯನ್ನು 1809ರಲ್ಲಿ ಕೇಂಬ್ರಿಜ್‌ನಲ್ಲಿ ಅಚ್ಚು ಮಾಡಿಸಿದ. ಕೆಲವು ಕಲ್ಕತ್ತೆಯಲ್ಲಿ ಉಳಿದವು, ಕೆಲವು ಲಂಡನ್ನಿಗೆ ಹೋದವು. ಇಂದಿಗೂ ಬ್ರಿಟಿಷ್ ಲೈಬ್ರರಿಯಲ್ಲಿವೆ. ಈಗಿನ ತಂತ್ರಾಂಶಗಳಲ್ಲಿ ಪ್ರತಿ ಪುಸ್ತಕಕ್ಕೂ ಎರಡು ವಿಳಾಸ ಬರೆಯಬೇಕಾಗುತ್ತದೆ: ಒಂದು 'ಮೂಲ ಗ್ರಂಥಾಲಯ', ಮತ್ತೊಂದು 'ಈಗ ಇರುವ ಗ್ರಂಥಾಲಯ'. ಎರಡೂ ಸಾಮಾನ್ಯವಾಗಿ ಒಂದೇ ಆಗಿರುತ್ತವೆ. ಟಿಪ್ಪುವಿನ ಪುಸ್ತಕಗಳ ವಿಷಯದಲ್ಲಿ ಮೊದಲನೆಯ ಮನೆಯಲ್ಲಿ ಏನು ಬರೆಯಬೇಕೆಂದು ಮೈಸೂರಿನವರನ್ನೂ ಲಂಡನ್ನಿನವರನ್ನೂ ಬೇರೆಬೇರೆಯಾಗಿ ಕೇಳಿ ನೋಡಬೇಕು! ನಮ್ಮನ್ನೇ ಯಾರಾದರೂ ಆ ಎರಡು ವಿಳಾಸ ಕೇಳಿದರೆ ಒಂದೇ ಬರೆಯುವವರು ನಮ್ಮಲ್ಲಿ ಎಷ್ಟು ಜನ ಇದ್ದೇವು?

ಕಪಾಟಿನಲ್ಲಿ ಇದ್ದೂ ಇಲ್ಲದಂತಿರುವುದು ಇನ್ನೊಂದು ಸ್ಥಿತಿ. 1891ರಲ್ಲಿ ಸ್ಥಾಪನೆಯಾದ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರಿಂದ ಬಂದ ತಾಳೆಗರಿಯ ಕಟ್ಟೊಂದನ್ನು ಆರ್. ಶಾಮಾಶಾಸ್ತ್ರಿಗಳು ಬಿಚ್ಚಿ ನೋಡಿದಾಗ ಅದು ಕೌಟಿಲ್ಯನ 'ಅರ್ಥಶಾಸ್ತ್ರ' ಎಂದು ತಿಳಿಯಿತು. ಆಗ 1905. ಗ್ರಂಥ ಅಚ್ಚಾದದ್ದು 1909ರಲ್ಲಿ.

ಪುಸ್ತಕ ಒಳಗಿದೆಯೋ ಹೊರಗಿದೆಯೋ ಎಂದು ಜನರಿಗೆ ತೋರಿಸುವ ಯಂತ್ರವನ್ನು ಮೊದಲು ಮಾಡಿದವರು ಇಂಗ್ಲೆಂಡಿನವರು. ಆಗಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಓದುಗರು ಕಪಾಟಿನ ಬಳಿ ಸುಳಿಯುವಂತಿರಲಿಲ್ಲ. ಪುಸ್ತಕವನ್ನು ಗುಮಾಸ್ತರೇ ತಂದುಕೊಡಬೇಕು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾಟ್‌ಗ್ರೀವ್ ಮೊದಲಾದವರು 'ಇಂಡಿಕೇಟರ್' ಎಂಬ ಹಲಗೆಯನ್ನು ರೂಪಿಸಿದರು. ಹಲಗೆಯ ತುಂಬ ಸಣ್ಣ ಸಣ್ಣ ಗೂಡುಗಳು, ಪ್ರತಿ ಗೂಡಿಗೂ ಒಂದು ಪುಸ್ತಕದ ಸಂಖ್ಯೆ. ಒಳಗಿನ ತುಂಡನ್ನು ತಿರುಗಿಸಿ ಇಟ್ಟರೆ ಬಣ್ಣ ಬದಲಾಗುತ್ತದೆ. ಒಂದು ಬಣ್ಣಕ್ಕೆ 'ಇದೆ', ಇನ್ನೊಂದಕ್ಕೆ 'ಹೋಗಿದೆ'. ಓದುಗ ಹೊರಗೆ ನಿಂತು ರೈಲ್ವೆ ಸ್ಟೇಷನ್ನಿನ ಫಲಕ ನೋಡಿದಂತೆ ನೋಡಿಕೊಳ್ಳಬೇಕು. 1894ರಲ್ಲಿ ಜೇಮ್ಸ್ ಡಫ್ ಬ್ರೌನ್ ಲಂಡನ್ನಿನ ಕ್ಲಾರ್ಕನ್‌ವೆಲ್ ಗ್ರಂಥಾಲಯದಲ್ಲಿ ಜನರನ್ನು ಕಪಾಟಿನವರೆಗೆ ಬಿಟ್ಟ ಮೇಲೆ ಈ ಹಲಗೆಗಳು ಒಂದೊಂದಾಗಿ ಮೂಲೆ ಸೇರಿದವು.

ಆಮೇಲೆ ಬಂದದ್ದು ಕಾರ್ಡು. ಅಮೆರಿಕದ ನೀನಾ ಬ್ರೌನ್ ಎಂಬ ಮಹಿಳೆ 1895ರಲ್ಲಿ ರೂಪಿಸಿದ ಪದ್ಧತಿ ನಮಗೆಲ್ಲ ಚಿರಪರಿಚಿತ, ಹೆಸರು ಗೊತ್ತಿರಲಿಕ್ಕಿಲ್ಲ ಅಷ್ಟೆ. ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಕಟ್ಟಡದಲ್ಲೋ, ತಮ್ಮ ಕಾಲೇಜಿನ ಲೈಬ್ರರಿಯಲ್ಲೋ ಪುಸ್ತಕ ತೆಗೆದವರು ನೆನಪಿಸಿಕೊಳ್ಳಿ. ಪುಸ್ತಕದ ರಟ್ಟಿನ ಒಳಗೆ ಪುಟ್ಟ ಜೇಬು, ಅದರಲ್ಲೊಂದು ಚೀಟಿ; ನಮ್ಮ ಹೆಸರಿನ ಟಿಕೆಟ್ಟೇ ಇನ್ನೊಂದು ಪುಟ್ಟ ಜೇಬು. ಪುಸ್ತಕ ಕೊಡುವಾಗ ಆ ಚೀಟಿ ಈ ಜೇಬಿಗೆ ಸೇರಿ, ಹಿಂದಿರುಗಿಸುವ ದಿನಾಂಕದ ಅಡಿಯಲ್ಲಿ ತಟ್ಟೆಯಲ್ಲಿ ನಿಲ್ಲುತ್ತಿತ್ತು. ಆ ಉದ್ದನೆಯ ಮರದ ತಟ್ಟೆಯನ್ನು ನೋಡಿದರೆ ಸಾಕು, ಊರಿನ ಯಾರ ಮನೆಯಲ್ಲಿ ಯಾವ ಪುಸ್ತಕ ಮಲಗಿದೆ ಎಂದು ತಿಳಿಯುತ್ತಿತ್ತು.

ಗ್ರಂಥಾಲಯದ ಮಾತೆತ್ತಿದ ಮೇಲೆ ಎಸ್. ಆರ್. ರಂಗನಾಥನ್ ಅವರನ್ನು ನೆನೆಯದಿರುವುದು ಕೃತಘ್ನತೆಯಾದೀತು. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು, 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕ ಇರುವುದು ಬಳಕೆಗೆ, ಕಟ್ಟಿ ಇಡುವುದಕ್ಕಲ್ಲ ಎಂಬುದೇ ಅವುಗಳ ಬುನಾದಿ. ಹುಟ್ಟಿದ್ದು ತಮಿಳುನಾಡಿನಲ್ಲಾದರೂ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು, 1972ರಲ್ಲಿ ಅಲ್ಲಿಯೇ ತೀರಿಕೊಂಡರು. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದದ್ದು 1965ರಲ್ಲಿ.

ನಾವು ಬಂದು ನೆಲೆಸಿದ ಈ ದೇಶಕ್ಕೂ ಗ್ರಂಥಾಲಯದ ದೊಡ್ಡ ಚರಿತ್ರೆಯೇ ಇದೆ. ಪಿನಾಂಗ್‌ನಲ್ಲಿ ಗ್ರಂಥಾಲಯ ಆರಂಭವಾದದ್ದು 1817ರಲ್ಲಿ. ರಾಷ್ಟ್ರೀಯ ಗ್ರಂಥಾಲಯದ ಕಾಯಿದೆ 1972ರದ್ದು. ಜಲಾನ್ ತುನ್ ರಜಾಕ್ ರಸ್ತೆಯಲ್ಲಿ ಮಲಯ್ ಪೇಟದ ಆಕಾರದ ನೀಲಿ ಚಾವಣಿಯ ಕಟ್ಟಡವನ್ನು ನೋಡದವರು ನಮ್ಮಲ್ಲಿ ಯಾರೂ ಇರಲಾರರು. ಅದರ ಮೇಲಿನ ಹೆಸರನ್ನು ನಿಧಾನವಾಗಿ ಓದಿ: ಪೆರ್-ಪುಸ್ತಕಾ-ಆನ್. ನಡುವೆ ಕುಳಿತಿರುವುದು ನಮ್ಮ ಪುಸ್ತಕವೇ! ಮಕ್ಕಳ ಶಾಲೆಗಳಲ್ಲಿ 'ನಿಲಾಮ್' ಎಂಬ ಓದಿನ ಕಾರ್ಯಕ್ರಮ ಬಂದಾಗ ಊರಿನಿಂದ ಬಂದಿದ್ದ ಅಜ್ಜಿಯೊಬ್ಬರು, ಶಾಲೆಯಲ್ಲಿ ಯಾರ ಆಸ್ತಿ ಹರಾಜಾಗುತ್ತಿದೆ ಎಂದು ಗಾಬರಿಪಟ್ಟದ್ದನ್ನು ಇಂದಿಗೂ ಹೇಳಿಕೊಂಡು ನಗುತ್ತೇವೆ. ಆ ಮಕ್ಕಳಿಗೆ ಕಳೆದುಹೋದ ಪುಸ್ತಕ 'ಹಿಲಾಂಗ್', ಹರಿದದ್ದು 'ರೋಸಾಕ್', ಎರವಲು ಹೋದದ್ದು 'ದಿಪಿಂಜಾಮ್'. ಇವಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆಂದು ಕೇಳಿದರೆ ಮಕ್ಕಳು ನಮ್ಮ ಮುಖ ನೋಡುತ್ತಾರೆ. ನಾವೂ ಒಂದು ಕ್ಷಣ ತಡವರಿಸುತ್ತೇವೆ ಎಂಬುದು ಈ ಕೆಲಸದಲ್ಲಿ ತಿಳಿಯಿತು.

ಈಗ ಕೋಹಾ ವಿಷಯಕ್ಕೆ ಬರೋಣ. ನ್ಯೂಜಿಲೆಂಡಿನ ಹೊರೊವೆನುವಾ ಎಂಬ ಸಣ್ಣ ಪ್ರಾಂತದ ಗ್ರಂಥಾಲಯಕ್ಕೆ 1999ರಲ್ಲಿ ಒಂದು ಸಂಕಟ ಬಂತು. ಅವರ ಹಳೆಯ ತಂತ್ರಾಂಶ 2000ನೆಯ ಇಸವಿಯ ದಿನಾಂಕವನ್ನು ಅರಿಯಲಾರದೆಂದು ಗೊತ್ತಾಯಿತು. ಹೊಸದನ್ನು ಕೊಳ್ಳುವಷ್ಟು ಹಣ ಸುಲಭವಾಗಿರಲಿಲ್ಲ. ಕಟಿಪೊ ಎಂಬ ಅಲ್ಲಿನ ಸಂಸ್ಥೆ ಹೊಸದೊಂದನ್ನು ಬರೆದುಕೊಟ್ಟಿತು. 2000ದ ಜನವರಿಯಲ್ಲಿ ಅದು ಕೆಲಸ ಆರಂಭಿಸಿತು, ಆಮೇಲೆ ಯಾರು ಬೇಕಾದರೂ ಬಳಸಲಿ ಎಂದು ಜಗತ್ತಿಗೇ ಬಿಟ್ಟುಕೊಟ್ಟರು. ಮಾವೊರಿ ಭಾಷೆಯಲ್ಲಿ 'ಕೋಹಾ' ಎಂದರೆ ಕಾಣಿಕೆ. ಅತ್ತಿಮಬ್ಬೆಗೆ ಈ ಶಬ್ದ ಹಿಡಿಸುತ್ತಿತ್ತು.

ಇದರಲ್ಲಿ ಮೊದಲು ಅರಿಯಬೇಕಾದ ಸೂಕ್ಷ್ಮವೆಂದರೆ, ಸ್ಥಿತಿ ಎಂಬುದು ಕೃತಿಗೆ ಸೇರಿದ್ದಲ್ಲ, ಪ್ರತಿಗೆ ಸೇರಿದ್ದು. ಭೈರಪ್ಪನವರ 'ಪರ್ವ' ಎಂಬ ಕೃತಿಗೆ ಒಂದೇ ದಾಖಲೆ. ಅದರ ಕೆಳಗೆ ನಮ್ಮಲ್ಲಿರುವ ಎರಡು ಪ್ರತಿಗಳಿಗೆ ಎರಡು ಸಾಲು. ಒಂದು ಕಾಣೆಯಾದರೂ ಇನ್ನೊಂದು ಕಪಾಟಿನಲ್ಲಿ ಇರಬಹುದು. ನಮ್ಮ ನೋಟ್‌ಬುಕ್ಕಿಗೆ ಈ ಭೇದ ಗೊತ್ತಿರಲಿಲ್ಲ. ಹಾಗಾಗಿ ಒಬ್ಬರು ಹಿಂದಿರುಗಿಸಿದ ಪ್ರತಿ ಇನ್ನೊಬ್ಬರ ಹೆಸರಿಗೆ ಜಮೆಯಾಗಿ ಎರಡು ಸಂಸಾರಗಳ ನಡುವೆ ಕೆಲವು ಕಾಲ ಮಾತು ಕಡಿಮೆಯಾಗಿತ್ತು.

ಎರಡನೆಯದು, ಸ್ಥಿತಿ ಎಂಬುದು ಒಂದೇ ಪೆಟ್ಟಿಗೆಯಲ್ಲ, ಹಲವು. ಕಳೆದಿದೆಯೇ, ಹಾಳಾಗಿದೆಯೇ, ಪಟ್ಟಿಯಿಂದ ತೆಗೆದಿದೆಯೇ, ಎರವಲು ಕೊಡುವುದಿಲ್ಲವೇ ಎಂದು ಬೇರೆಬೇರೆ ಕೇಳುತ್ತದೆ. ಪ್ರತಿಯೊಂದರ ಹಿಂದೆಯೂ ಒಂದು ಅಂಕೆ. ಸೊನ್ನೆ ಎಂದರೆ ಆ ತೊಂದರೆ ಇಲ್ಲ. ಒಂದು, ಎರಡು, ಮೂರು ಎಂದರೆ ಆಯಾ ಬಗೆಯ ತೊಂದರೆ. 'ಎರವಲು ಇಲ್ಲ' ಎಂಬುದರಲ್ಲಿ ಮಾತ್ರ ಋಣ ಸಂಖ್ಯೆಗೂ ಅವಕಾಶವಿದೆ: ಊರಿನಿಂದ ಇನ್ನೂ ಬರಬೇಕಾದ ಪುಸ್ತಕಕ್ಕೆ ಋಣ ಒಂದು ಎಂದು ಹಾಕಿದರೆ ಈಗ ಯಾರೂ ಒಯ್ಯುವಂತಿಲ್ಲ, ಆದರೆ ಸರದಿಗೆ ಹೆಸರು ಬರೆಸಬಹುದು. ಈ ಅಂಕೆಗಳ ಎದುರು ಬರೆಯುವ ಮಾತು ನಮ್ಮದೇ. ಕನ್ನಡ ಲಿಪಿಯಲ್ಲಿಯೇ ಬರೆಯಬಹುದು. ಆದರೆ ಒಮ್ಮೆ ಬಳಕೆಗೆ ಬಂದ ಅಂಕೆಯನ್ನು ಪಟ್ಟಿಯಿಂದ ಅಳಿಸಿದರೆ, ಅದನ್ನು ಹೊತ್ತ ಪುಸ್ತಕಗಳು ಅರ್ಥವಿಲ್ಲದ ಅಂಕೆ ಹೊತ್ತು ತ್ರಿಶಂಕುವಿನಂತೆ ನಿಲ್ಲುತ್ತವೆ. ನಾವು ಇದನ್ನು ಅನುಭವದಿಂದ ಕಲಿತೆವು.

ಇನ್ನೊಂದು ಎಡವಟ್ಟೂ ನಮ್ಮದೇ. ಬಹುಕಾಲ ಬಾರದ ಪುಸ್ತಕಗಳನ್ನೆಲ್ಲ ಒಂದು ಸಂಜೆ ಒಟ್ಟಿಗೆ 'ಕಳೆದಿದೆ' ಎಂದು ಗುರುತು ಮಾಡಿದೆವು. ಹಾಗೆ ಗುರುತು ಮಾಡಿದೊಡನೆ ಪುಸ್ತಕದ ಬೆಲೆಯನ್ನು ಕೊನೆಯದಾಗಿ ಒಯ್ದವರ ಲೆಕ್ಕಕ್ಕೆ ಹಾಕುವ ಅನುಕೂಲವೊಂದು ಇದೆ; ಅದನ್ನು ಆರಿಸಿದ್ದೇವೆಂಬುದನ್ನು ನಾವೇ ಮರೆತಿದ್ದೆವು. ಮರುದಿನ ನೋಡಿದರೆ ಸಂಘದ ಸ್ಥಾಪಕ ಸದಸ್ಯರೊಬ್ಬರು, ಆ ಕಪಾಟಿನ ಅರ್ಧದಷ್ಟು ಪುಸ್ತಕಗಳನ್ನು ದಾನ ಕೊಟ್ಟವರು, ಸಂಘಕ್ಕೆ ದೊಡ್ಡ ಸಾಲಗಾರರಾಗಿ ಕುಳಿತಿದ್ದರು. ಅವರು ಈಗ ನಮ್ಮೊಂದಿಗಿಲ್ಲ. ಆ ಸಾಲನ್ನು ಅಳಿಸುವಾಗ ಯಾರೂ ಮಾತಾಡಲಿಲ್ಲ.

ಜಗಳ ಹತ್ತಿದ್ದು ಶಬ್ದಗಳ ಮೇಲೆ. 'ಕಳೆದಿದೆ' ಎಂದು ಬರೆದರೆ ಒಯ್ದವರು ಕಳೆದರು ಎಂಬ ಆರೋಪ ಬರುತ್ತದೆ, 'ಕಾಣೆಯಾಗಿದೆ' ಎಂದರೆ ಪುಸ್ತಕವೇ ಎದ್ದು ಹೋದಂತೆ ಎಂದು ಒಬ್ಬರ ವಾದ. ತಂತ್ರಾಂಶ ಇವೆರಡನ್ನೂ ಬೇರೆಬೇರೆಯಾಗಿಯೇ ಇಟ್ಟಿದೆ: ಒಯ್ದವರ ಕೈಯಲ್ಲಿ ಹೋದದ್ದು ಬೇರೆ, ಕಪಾಟಿನಲ್ಲಿ ಇರಬೇಕಾಗಿದ್ದು ಸಿಗದಿರುವುದು ಬೇರೆ. ಅವಧಿ ಮೀರಿ ಬಹಳ ದಿನವಾದದ್ದು ಮತ್ತೊಂದು. ಎಷ್ಟು ದಿನಕ್ಕೆ ಎಂದು ನಾವು ಹೇಳಿಟ್ಟರೆ ಅದನ್ನು ತಾನೇ ಗುರುತಿಸುವಂತೆ ಮಾಡಬಹುದು. ನಾವು ಇದಕ್ಕೆ 'ಇನ್ನೂ ಬಂದಿಲ್ಲ' ಎಂದು ಬರೆದೆವು. ಪಟ್ಟಿಯಿಂದ ತೆಗೆದ ಪುಸ್ತಕಕ್ಕೆ ಒಬ್ಬರು 'ವಜಾ' ಎಂದು ಸೂಚಿಸಿದಾಗ ನಿವೃತ್ತ ಸರ್ಕಾರಿ ನೌಕರರೊಬ್ಬರು ಕೆರಳಿದರು. ಪುಸ್ತಕ ಮಾಡಿದ ತಪ್ಪೇನು ಎಂದರು. ಕೊನೆಗೆ 'ನಿವೃತ್ತ' ಎಂದಾಯಿತು. 'ಎರವಲು ಇಲ್ಲ' ಎಂಬುದರ ಬದಲು 'ಇಲ್ಲೇ ಓದಿ' ಎಂದು ಸೂಚಿಸಿದ್ದು ಹತ್ತನೆಯ ತರಗತಿಯ ಹುಡುಗಿ. ಎಲ್ಲರೂ ಒಪ್ಪಿದರು.

'ಹಾಳಾಗಿದೆ' ಎಂಬ ಪೆಟ್ಟಿಗೆಗೆ ಚರ್ಚೆಯೇ ಬೇಕಾಗಲಿಲ್ಲ. 2021ರ ಡಿಸೆಂಬರ್ 18ರ ಮಳೆಯನ್ನು ಕ್ಲಾಂಗ್ ಕಣಿವೆಯವರು ಮರೆತಿಲ್ಲ. ಶಾ ಆಲಂ ಕಡೆಯ ನಮ್ಮ ಸದಸ್ಯರ ಮನೆಯಲ್ಲಿ ಕೆಳ ಅಂತಸ್ತಿನಲ್ಲಿದ್ದ ಎರಡು ರಟ್ಟಿನ ಪೆಟ್ಟಿಗೆಗಳು ನೀರಲ್ಲಿ ಮುಳುಗಿದವು. ಮಕ್ಕಳ ಪುಸ್ತಕಗಳೇ ಹೆಚ್ಚು. ಪುಟಗಳ ನಡುವೆ ಕಾಗದ ಇಟ್ಟು ಫ್ಯಾನಿನ ಕೆಳಗೆ ಒಣಗಿಸಿದರೂ ಈ ಹವೆಯಲ್ಲಿ ಬೂಷ್ಟು ಹಿಡಿಯುವುದನ್ನು ತಡೆಯಲಾಗಲಿಲ್ಲ. ಲಿಪಿಕಾರನ ಬಿನ್ನಹದಲ್ಲಿ ನೀರಿನ ಹೆಸರು ಸುಮ್ಮನೆ ಬಂದಿಲ್ಲ.

ಅತಿ ಹೆಚ್ಚು ಚರ್ಚೆಯಾದದ್ದು ಕಾರಂತರ 'ಬಾಲಪ್ರಪಂಚ'ದ ಹಳೆಯ ಮುದ್ರಣದ ಮೂರು ಸಂಪುಟಗಳು. ಇಂಟರ್ನೆಟ್ ಇರಲಿ, ಟಿವಿಯೂ ಇಲ್ಲದ ಕಾಲದಲ್ಲಿ ಕನ್ನಡದ ಮಗುವಿಗೆ ಜಗತ್ತನ್ನೆಲ್ಲ ತೋರಿಸಲು ಒಬ್ಬರೇ ಮಾಡಿದ ಸಾಹಸ ಅದು. 'ಇಲ್ಲೇ ಓದಿ' ಎಂದು ಗುರುತು ಮಾಡಿ ಬೀಗ ಹಾಕಬೇಕೆಂದು ಅರ್ಧ ಮಂದಿ. 'ಇಲ್ಲೇ' ಎಂದರೆ ಎಲ್ಲಿ, ಸಂಘಕ್ಕೆ ಕೋಣೆಯೇ ಇಲ್ಲವಲ್ಲ, ಇದು ಮೂಡುಬಿದಿರೆಯ ದರ್ಶನದಂತಾಗುತ್ತದೆ ಎಂದು ಉಳಿದರ್ಧ. ನಮ್ಮ ಮಕ್ಕಳಲ್ಲಿ ಅದನ್ನು ಓದಬಲ್ಲವರು ಎಷ್ಟು ಮಂದಿ ಎಂದು ಒಬ್ಬ ತಾಯಿ ಕೇಳಿದಾಗ ಎರಡು ಪಕ್ಷದವರೂ ಸುಮ್ಮನಾದರು. ಕಡೆಗೆ ಮೊದಲ ಮತ್ತು ಮೂರನೆಯ ಸಂಪುಟಗಳಿಗೆ ಸೊನ್ನೆ ಹಾಕಿದೆವು. ಯಾರು ಬೇಕಾದರೂ ಒಯ್ಯಬಹುದು. ಎರಡನೆಯದು ನೋಟ್‌ಬುಕ್ಕಿನ ಪ್ರಕಾರ 2020ರ ಮಾರ್ಚ್ ಮೊದಲ ವಾರ ಹೊರಗೆ ಹೋಗಿದೆ. ಅದೇ 18ರಂದು ದೇಶಕ್ಕೆ ಸಂಚಾರ ನಿರ್ಬಂಧ ಬಿತ್ತು. ಒಯ್ದ ಕುಟುಂಬ ಆ ವರ್ಷವೇ ಊರಿಗೆ ಮರಳಿತು. ಅದನ್ನು 'ಕಳೆದಿದೆ' ಎಂದು ಬರೆಯಲು ನಮ್ಮಲ್ಲಿ ಯಾರಿಗೂ ಕೈ ಬರಲಿಲ್ಲ. 'ಇನ್ನೂ ಬಂದಿಲ್ಲ' ಎಂದೇ ಇದೆ.

ಓದುಗ ಬಂಧುಗಳಲ್ಲಿ ಒಂದು ವಿನಂತಿ. ಮನೆಯ ಷೋಕೇಸಿನಲ್ಲಿ, ಮಂಚದ ಕೆಳಗೆ, ಕಾರಿನ ಡಿಕ್ಕಿಯಲ್ಲಿ ಸಂಘದ ನೇರಳೆ ಮುದ್ರೆಯಿರುವ ಪುಸ್ತಕ ಕಂಡರೆ ಬರುವ ರಾಜ್ಯೋತ್ಸವದ ದಿನ ತಂದುಕೊಡಿ. ಬಾಗಿಲ ಬಳಿ ಮೇಜು ಹಾಕಿರುತ್ತೇವೆ. ದಂಡವಿಲ್ಲ, ಎಷ್ಟು ವರ್ಷವಾಯಿತೆಂದೂ ಕೇಳುವುದಿಲ್ಲ. ತಂದವರು ಇನ್ನೊಂದನ್ನು ಒಯ್ಯಬಹುದು.